ಮಿಯಾಸಿಸ್ ಎಲ್ಲಿ, ಯಾವಾಗ ನಡೆಯುತ್ತದೆ? ಈರುಳ್ಳಿ ಮೊಗ್ಗಿನ ಸ್ಲೈಡಿನಲ್ಲಿ ಬರೀ ಪರಾಗ ಕಾಣುತ್ತಿದೆ

ಡೊಂಬಿವಲಿ_ಬಯಾಲಜಿ

ಎಲ್ಲರಿಗೂ ನಮಸ್ಕಾರ. 11ನೇ ತರಗತಿಯ ಮಕ್ಕಳಿಗೆ ಕೋಶ ವಿಭಜನೆ, ಅದರಲ್ಲೂ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ಮಿಯಾಸಿಸ್ ಕಲಿಸುತ್ತಿದ್ದೇನೆ. ಎರಡು ವಿಷಯಕ್ಕೆ ಬಲ್ಲವರ ಉತ್ತರ ಬೇಕು.

ಒಂದು, ಗೈಡುಗಳಲ್ಲಿ ಎಲ್ಲೆಡೆ ಒಂದೇ ಸಾಲು: "ಮಿಯಾಸಿಸ್ ಸಂತಾನೋತ್ಪತ್ತಿ ಅಂಗಗಳಲ್ಲಿ, ಯುಗ್ಮಕಗಳು ಉಂಟಾಗುವಾಗ ನಡೆಯುತ್ತದೆ." ಯುಗ್ಮಕ ಎಂದರೆ ಅಂಡಾಣು, ವೀರ್ಯಾಣುಗಳಂಥ ಲಿಂಗಕೋಶ. ಪ್ರಾಣಿಗಳಿಗೆ ಇದು ಸರಿ. ಒದ್ದೆ ಗೋಡೆಯ ಮೇಲಿನ ಹಸಿರು ಮಾಸ್ ಸಸ್ಯಕ್ಕೆ ಬಂದಾಗ ಮಕ್ಕಳು ಕೇಳುತ್ತಾರೆ: ಗಿಡವೇ ಏಕಗುಣಿತ (ವರ್ಣತಂತುಗಳ ಒಂದೇ ಸೆಟ್ ಇರುವುದು), ಅದರ ಯುಗ್ಮಕವೂ ಏಕಗುಣಿತ, ಹಾಗಾದರೆ ಅರ್ಧವಾಗಿದ್ದು ಯಾವಾಗ? ಪರೀಕ್ಷೆಗೂ ಒಪ್ಪುವ, ಸತ್ಯಕ್ಕೂ ಒಪ್ಪುವ ಉತ್ತರವನ್ನು ಹೇಗೆ ಹೇಳಿಕೊಡಬೇಕು?

ಎರಡು, ಪ್ರಾಕ್ಟಿಕಲ್. ಈರುಳ್ಳಿ ಹೂವಿನ ಮೊಗ್ಗನ್ನು ಅಸಿಟೋಕಾರ್ಮೈನ್ ಎಂಬ ಬಣ್ಣದಲ್ಲಿ ಹಿಸುಕಿ ನೋಡಿದರೆ ದುಂಡನೆಯ ಪರಾಗಗಳು ಮಾತ್ರ ಕಾಣುತ್ತವೆ. ವರ್ಣತಂತುಗಳ ಸುಳಿವೇ ಇಲ್ಲ. ಬಣ್ಣದ ದೋಷವೋ, ಮೊಗ್ಗಿನ ದೋಷವೋ?

ಕೋಥ್ರೂಡ್_ಕೋಶ

ಸರ್, ಪರಾಗ ಕಾಣ್ತದ ಅಂದ್ರ ಮೊಗ್ಗು ಬಲಿತದ ಅಂತ ಅರ್ಥ. ಬಣ್ಣದ ತಪ್ಪಲ್ಲ. ಹೂವು ಅರಳೂಕ್ಕಿಂತ ಬಹಳ ಮೊದಲ ಪರಾಗಕೋಶದಾಗ (ಕೇಸರದ ತುದಿಯ ಪರಾಗದ ಚೀಲ) ಮಿಯಾಸಿಸ್ ಮುಗದಿರ್ತದ. ಉಳ್ಳಾಗಡ್ಡಿಯೊಳಗ ಇಡೀ ಮಿಯಾಸಿಸ್‌ಗೆ 20 ಡಿಗ್ರಿ ಉಷ್ಣತಾದಾಗ ಹೆಚ್ಚುಕಮ್ಮಿ 4 ದಿನ ಹಿಡೀತದ, ಗೋಧಿಗೆ ಒಂದ ದಿನ ಸಾಕು. ಆ ನಾಕ ದಿನದಾಗೂ ಬಹುಪಾಲು ವ್ಯಾಳೆ ಪ್ರೋಫೇಸ್ ಒಂದಕ್ಕ (ಮಿಯಾಸಿಸ್ಸಿನ ಎರಡು ವಿಭಜನೆಯೊಳಗ ಮೊದಲಿನದರ ಶುರುವಿನ ಹಂತ) ಹೋಗ್ತದ. ಮೆಟಾಫೇಸ್ (ವರ್ಣತಂತು ನಡುವ ಸಾಲಾಗೂದು), ಅನಾಫೇಸ್ (ಎರಡು ಧ್ರುವಕ್ಕ ಹೋಗೂದು) ಲಗೂನ ದಾಟಿಬಿಡ್ತಾವ. ಅದಕ್ಕ ಅವು ಸಿಗಬೇಕಂದ್ರ ಮೊಗ್ಗು ಆರಿಸೂದರಾಗ ಅರ್ಧ ಕೆಲಸ ಅದ.

ಉಳ್ಳಾಗಡ್ಡಿಯ ಒಂದ ಗೊಂಚಲದಾಗ ಎಲ್ಲಾ ವಯಸ್ಸಿನ ಮೊಗ್ಗೂ ಇರ್ತಾವ. ಮ್ಯಾಲಿನ ತೆಳು ಪೊರೆ ಆಗ ತಾನ ಬಿರಿಯಾಕ ಹತ್ತಿದ ಗೊಂಚಲ ತಗೊಳ್ರಿ. ಅದರಾಗ 2ರಿಂದ 4 ಮಿಲಿಮೀಟರ್ ಉದ್ದದ ಹಸಿರು ಮೊಗ್ಗು ಬೇರೆ ಮಾಡ್ರಿ, ಬೆಳ್ಳಗಾದವು ಬ್ಯಾಡ. ಮುಂಜಾನೆ 8ರಿಂದ 11ರೊಳಗ ಕಿತ್ತು, ಕಿತ್ತ ಜಾಗದಾಗ ದ್ರಾವಣದಾಗ ಹಾಕ್ರಿ. ಕ್ಲಾಸಿಗೆ ತಂದು ಆಮ್ಯಾಲ ಹಾಕೂಣು ಅಂದ್ರ ಮೊಗ್ಗು ಬಾಡಿ ವರ್ಣತಂತು ಒಂದಕ್ಕೊಂದು ಅಂಟಿಕೊಂಡು ಮುದ್ದಿ ಆಗ್ತಾವ.

ದ್ರಾವಣ: ಅಬ್ಸಲ್ಯೂಟ್ ಆಲ್ಕೋಹಾಲ್ 3 ಪಾಲು, ಗ್ಲೇಷಿಯಲ್ ಅಸಿಟಿಕ್ ಆಮ್ಲ 1 ಪಾಲು. ಅವತ್ತಿಂದ ಅವತ್ತೇ ಕಲಸ್ರಿ. ಕಲಸಿಟ್ಟದ್ದು ಹಳೇದಾದ್ರ ಎರಡೂ ಕೂಡಿ ಎಸ್ಟರ್ ಆಗಿ, ಕೋಶ ಗಟ್ಟಿಹಿಡಿಯೂ ಗುಣ ಕಮ್ಮಿ ಆಗ್ತದ. ಮೊಗ್ಗಿಗಿಂತ ದ್ರಾವಣ ಭಾಳ ಇರಲಿ. 24 ತಾಸು ಆದ ಮ್ಯಾಲ 70 ಶೇಕಡಾ ಆಲ್ಕೋಹಾಲಿಗೆ ಬದಲಾಯಿಸಿ ಫ್ರಿಜ್ಜಿನಾಗ ಇಟ್ರ ತಿಂಗಳುಗಟ್ಟಲೆ ಬರ್ತದ. ಜನವರಿ, ಫೆಬ್ರುವರಿಯೊಳಗ ಬೀಜದ ಉಳ್ಳಾಗಡ್ಡಿ ಹೂ ಬಿಟ್ಟಾಗ ಒಂದ ಸಲ ಕೂಡಿಸಿಟ್ರ ವರ್ಷದ ಪ್ರಾಕ್ಟಿಕಲ್ ಮುಗೀತದ.

ಬಣ್ಣ: 45 ಮಿಲಿ ಗ್ಲೇಷಿಯಲ್ ಅಸಿಟಿಕ್, 55 ಮಿಲಿ ಡಿಸ್ಟಿಲ್ಡ್ ನೀರು, 1 ಗ್ರಾಂ ಕಾರ್ಮೈನ್. ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಸಣ್ಣ ಉರಿಯಾಗ ಕುದಿಸಿ, ಆರಿಸಿ, ಸೋಸ್ರಿ. ಆವಿ ಕಣ್ಣಿಗೆ ಬಡಿಯದಂಗ ಫ್ಯೂಮ್ ಹುಡ್ಡಿನಾಗ ಮಾಡ್ರಿ.

ಒಂದ ಮೊಗ್ಗಿನಾಗ ಆರು ಪರಾಗಕೋಶ ಇರ್ತಾವ. ಒಂದನ್ನಷ್ಟ ಮೊದಲ ಪರೀಕ್ಷೆ ಮಾಡ್ರಿ. ಒಂದ ಪರಾಗಕೋಶದೊಳಗಿನ ತಾಯಿಕೋಶಗಳು (ಮಿಯಾಸಿಸ್ ಹೊಂದೂ ಕೋಶಗಳು) ಹೆಚ್ಚುಕಮ್ಮಿ ಕೂಡೇ ಸಾಗ್ತಾವ, ಅದಕ್ಕ ಒಂದರಾಗ ಡಯಾಕೈನೆಸಿಸ್ (ಪ್ರೋಫೇಸ್ ಒಂದರ ಕಡೀ ಹಂತ) ಕಂಡ್ರ ಉಳಿದ ಐದರಾಗೂ ಅದರ ಆಜೂಬಾಜೂ ಹಂತ ಸಿಗ್ತದ. ಪಾರದರ್ಶಕ ಇರೂ ಪರಾಗಕೋಶ ಒಳ್ಳೇದು. ಹಳದಿ ಬಣ್ಣ ಬಂದಿದ್ರ ಬಿಟ್ಟುಬಿಡ್ರಿ.

ಸ್ಲೈಡಿನ ಮ್ಯಾಲ ಒಂದ ಹನಿ ಬಣ್ಣ ಹಾಕಿ, ಕಬ್ಬಿಣದ ಸೂಜಿಯಿಂದ ಪರಾಗಕೋಶದ ಒಂದ ತುದಿ ಕತ್ತರಿಸಿ ಒಳಗಿಂದು ಹಿಂಡ್ರಿ. ಸೂಜಿಯ ಕಬ್ಬಿಣ ಬಣ್ಣ ಕಚ್ಚಾಕ ಸಹಾಯ ಮಾಡ್ತದ. ಆದ್ರ ಭಾಳ ಹೊತ್ತು ತಿಕ್ಕಿದ್ರ ಇಡೀ ಕೋಶ ಕಪ್ಪಾಗ್ತದ. ಸಿಪ್ಪಿ ಚೂರು ಎಲ್ಲಾ ತಗದು ಹಾಕ್ರಿ. ಅವು ಉಳಿದ್ರ ಕವರ್ ಸ್ಲಿಪ್ ಎತ್ತರ ನಿಂತು ಕೋಶ ಚಪ್ಪಟೆ ಆಗೂದಿಲ್ಲ, ಒಂದ ಫೋಕಸ್ಸಿಗೆ ಎಲ್ಲಾ ವರ್ಣತಂತು ಬರೂದಿಲ್ಲ. ಸ್ಪಿರಿಟ್ ದೀಪದ ಮ್ಯಾಲ ಎರಡ ಮೂರ ಸಲ ಆಡಿಸ್ರಿ, ಅಂಗೈ ಹಿಂಬದಿಗೆ ತಾಗಿಸಿದ್ರ ಬೆಚ್ಚಗ ಅನ್ನಬೇಕು, ಕುದಿಬಾರದು. ಬ್ಲಾಟಿಂಗ್ ಕಾಗದ ಮಡಚಿ ಇಟ್ಟು ಹೆಬ್ಬೆರಳಿಂದ ನೆಟ್ಟಗ ಒತ್ತರಿ. ಕವರ್ ಸ್ಲಿಪ್ ಅಡ್ಡ ಜಾರಿದ್ರ ಕೋಶ ಸುರುಳಿ ಸುತ್ತಿ ಕೆಡ್ತಾವ. ಅಂಚಿಗೆ ನೇಲ್ ಪಾಲಿಶ್ ಹಚ್ಚಿದ್ರ ಪೀರಿಯಡ್ ಮುಗಿಯೂತನ ಸ್ಲೈಡ್ ಒಣಗೂದಿಲ್ಲ.

ಮಕ್ಕಳು ಎಡವೂದು ಎರಡ ಕಡೆ. ಪರಾಗಕೋಶದ ಗೋಡೆಗೆ ಹತ್ತಿದ ಟಪೀಟಮ್ ಕೋಶದಾಗ ಕೆಲವು ಸಲ ಎರಡು ನ್ಯೂಕ್ಲಿಯಸ್ ಇರ್ತಾವ, ಅದನ್ನ ಟೀಲೋಫೇಸ್ (ಎರಡು ನ್ಯೂಕ್ಲಿಯಸ್ ಆಗೂ ಕಡೀ ಹಂತ) ಅಂತ ಬರೀತಾರ. ಎರಡನೇದು, ಭಾಳ ಎಳೇ ಮೊಗ್ಗಿನಾಗ ಮೈಟಾಸಿಸ್ಸೇ (ವರ್ಣತಂತು ಸಂಖ್ಯೆ ಬದಲಾಗದ ವಿಭಜನೆ) ನಡೆದಿರ್ತದ, ಅದನ್ನ ಮಿಯಾಸಿಸ್ ಅಂತ ತೋರಿಸ್ತಾರ. ಗೊತ್ತುಮಾಡೂ ದಾರಿ ಎಣಿಕಿ. ಉಳ್ಳಾಗಡ್ಡಿಗೆ 16 ವರ್ಣತಂತು. ಮೆಟಾಫೇಸ್ ಒಂದರಾಗ 8 ಜೋಡಿ ಕಾಣಬೇಕು. ಅನಾಫೇಸ್ ಒಂದರಾಗ ಒಂದೊಂದು ಧ್ರುವಕ್ಕ 8, ಮತ್ತ ಒಂದೊಂದಕ್ಕೂ ಇನ್ನೂ ಎರಡು ಎಳಿ ಕೂಡಿರ್ತಾವ. ಒಂದು ಧ್ರುವಕ್ಕ 16 ಹೊಂಟಿದ್ರ ಅದು ಮೈಟಾಸಿಸ್.

ಮಾಟುಂಗಾ_ಉಪನ್ಯಾಸಕಿ

ಕೋಥ್ರೂಡ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈರುಳ್ಳಿಯಂಥ ಏಕದಳದಲ್ಲಿ ಸಾಮಾನ್ಯವಾಗಿ ಮೊದಲ ವಿಭಜನೆ ಮುಗಿದ ಕೂಡಲೇ ಗೋಡೆ ಬೀಳುತ್ತದೆ. ಆದ್ದರಿಂದ ಎರಡು ಕೋಶಗಳ ಹಂತ ಸ್ಪಷ್ಟವಾಗಿ ಸಿಗುತ್ತದೆ, ಕೊನೆಯಲ್ಲಿ ನಾಲ್ಕೂ ಒಂದೇ ಸಮತಲದಲ್ಲಿ ಕೂರುತ್ತವೆ. ಹೆಚ್ಚಿನ ದ್ವಿದಳಗಳಲ್ಲಿ ಎರಡೂ ವಿಭಜನೆ ಮುಗಿದ ಮೇಲೆ ಒಟ್ಟಿಗೆ ಗೋಡೆ ಬೀಳುತ್ತದೆ. ಅಲ್ಲಿ ಮೂರು ಕೋಶ ಕಂಡು ನಾಲ್ಕನೆಯದು ಅಡಿಯಲ್ಲಿ ಮರೆಯಾಗಿರುತ್ತದೆ. ಮಕ್ಕಳು ಮೂರೆಂದು ಬರೆದರೆ ಫೋಕಸ್ ತಿರುಗಿಸಿ ನೋಡಲು ಹೇಳಿ. ನಾಲ್ಕೂ ಅಂಟಿಕೊಂಡೇ ಇರುವುದಕ್ಕೆ ಕಾರಣ ಸುತ್ತಲಿನ ಕ್ಯಾಲೋಸ್ ಹೊದಿಕೆ. ಟಪೀಟಮ್ ಸ್ರವಿಸುವ ಕಿಣ್ವ ಅದನ್ನು ಕರಗಿಸಿದ ಮೇಲಷ್ಟೇ ಅವು ಬಿಡಿಬಿಡಿಯಾಗುತ್ತವೆ.

ಈಗ ನಿಮ್ಮ ಮೊದಲ ಪ್ರಶ್ನೆ. "ಯುಗ್ಮಕ ಉಂಟಾಗುವಾಗ" ಎಂಬ ಸಾಲನ್ನು ಕೈಬಿಡಿ. ಯಾವ ಜೀವಿ ಬಂದರೂ ಒಂದೇ ಪ್ರಶ್ನೆ ಕೇಳಲು ಕಲಿಸಿ: ಇದರ ಜೀವನಚಕ್ರದಲ್ಲಿ ದ್ವಿಗುಣಿತ (ಎರಡು ಸೆಟ್ ವರ್ಣತಂತುಗಳ) ಕೋಶ ಯಾವುದು, ಅದರಿಂದ ಮೊದಲು ಹುಟ್ಟುವ ಏಕಗುಣಿತ ಕೋಶ ಯಾವುದು? ಈ ಎರಡರ ನಡುವೆಯೇ ಮಿಯಾಸಿಸ್. ಬೇರೆಲ್ಲಿ ಹುಡುಕಿದರೂ ಸಿಗುವುದಿಲ್ಲ.

ಪ್ರಾಣಿಗಳಲ್ಲಿ ಆ ಏಕಗುಣಿತ ಕೋಶವೇ ಯುಗ್ಮಕ. ಹಾಗಾಗಿ ಗೈಡಿನ ಸಾಲು ಅಲ್ಲಿ ಹೊಂದುತ್ತದೆ. ಒಂಟಿಕೋಶದ ಪಾಚಿಗಳಾದ ಡಯಾಟಮ್‌ಗಳು, ಫ್ಯೂಕಸ್ ಎಂಬ ಕಂದು ಪಾಚಿ ಇವೂ ಇದೇ ಗುಂಪಿಗೆ ಸೇರುತ್ತವೆ, ಪ್ರಾಣಿಗಳೇ ಅಲ್ಲದಿದ್ದರೂ.

ಮಾಸ್, ಜರಿಗಿಡ, ಹೂಬಿಡುವ ಸಸ್ಯ ಇವುಗಳಲ್ಲಿ ಮಿಯಾಸಿಸ್‌ನಿಂದ ಹುಟ್ಟುವುದು ಬೀಜಾಣು (ಸ್ಪೋರ್), ಯುಗ್ಮಕವಲ್ಲ. ಬೀಜಾಣು ಮೈಟಾಸಿಸ್‌ನಿಂದ ಬೆಳೆದು ಏಕಗುಣಿತ ದೇಹವಾಗುತ್ತದೆ. ಆ ದೇಹ ಮತ್ತೆ ಮೈಟಾಸಿಸ್‌ನಿಂದಲೇ ಯುಗ್ಮಕ ಕೊಡುತ್ತದೆ. ಮಾಸ್‌ನಲ್ಲಿ ಹಸಿರು ಗಿಡದ ತಲೆಯ ಮೇಲೆ ಕಡ್ಡಿಯೊಂದು ಎದ್ದು ಅದರ ತುದಿಗೆ ಕ್ಯಾಪ್ಸೂಲ್ ಬರುತ್ತದಲ್ಲ, ಆ ಕ್ಯಾಪ್ಸೂಲಿನೊಳಗೆ ಮಿಯಾಸಿಸ್. ಹೂವಿನಲ್ಲಿ ಎರಡು ಜಾಗ: ಪರಾಗಕೋಶದೊಳಗೆ ಅನೇಕ ತಾಯಿಕೋಶಗಳಲ್ಲಿ, ಅಂಡಕದೊಳಗೆ (ಮುಂದೆ ಬೀಜವಾಗುವ ಭಾಗ) ಸಾಮಾನ್ಯವಾಗಿ ಒಂದೇ ತಾಯಿಕೋಶದಲ್ಲಿ. ಅಂಡಕದ ನಾಲ್ಕರಲ್ಲಿ ಮೂರು ಅಳಿಯುತ್ತವೆ. ಹೆಚ್ಚಿನ ಜಾತಿಗಳಲ್ಲಿ ಉಳಿದ ಒಂದು ಮೂರು ಸಲ ಮೈಟಾಸಿಸ್ ಹೊಂದಿ 8 ನ್ಯೂಕ್ಲಿಯಸ್, 7 ಕೋಶಗಳ ಭ್ರೂಣಚೀಲವಾಗುತ್ತದೆ. ಅಂಡಕೋಶ ಅವುಗಳಲ್ಲಿ ಒಂದು. ಅಂದರೆ ಹೂವಿನಲ್ಲೂ ಅಂಡಕೋಶ ನೇರವಾಗಿ ಮಿಯಾಸಿಸ್‌ನಿಂದ ಹುಟ್ಟುವುದಿಲ್ಲ, ನಡುವೆ ಮೂರು ಮೈಟಾಸಿಸ್ ಇವೆ. ಈ ಸೂಕ್ಷ್ಮವನ್ನು 12ನೇ ತರಗತಿಯವರೂ ತಪ್ಪಿಸಿಕೊಳ್ಳುತ್ತಾರೆ.

ಮೂರನೆಯ ಬಗೆ ಕ್ಲಾಮಿಡೋಮೊನಾಸ್, ಸ್ಪೈರೋಗೈರಾ ಎಂಬ ಹಸಿರು ಪಾಚಿಗಳದು. ಇವುಗಳ ಬದುಕಿನಲ್ಲಿ ದ್ವಿಗುಣಿತವಾಗಿರುವುದು ಎರಡು ಯುಗ್ಮಕ ಕೂಡಿ ಆದ ಯುಗ್ಮಜ ಒಂದೇ. ದಪ್ಪ ಗೋಡೆ ಕಟ್ಟಿಕೊಂಡು ಕೆಟ್ಟ ಕಾಲ ಕಳೆದು, ಮೊಳೆಯುವಾಗ ಅದೇ ಮಿಯಾಸಿಸ್ ಹೊಂದುತ್ತದೆ. ಸ್ಪೈರೋಗೈರಾದಲ್ಲಿ ನಾಲ್ಕು ನ್ಯೂಕ್ಲಿಯಸ್‌ಗಳಲ್ಲಿ ಮೂರು ನಾಶವಾಗಿ ಒಂದೇ ಎಳೆ ಹೊರಬರುತ್ತದೆ. ಅಣಬೆಗಳಲ್ಲಿ ಛತ್ರಿಯ ಅಡಿಯ ಪದರಗಳ ಮೇಲಿರುವ ಬೀಜಾಣು ಕೊಡುವ ಕೋಶಗಳಾದ ಬೆಸಿಡಿಯಮ್‌ಗಳಲ್ಲಿ ಎರಡು ನ್ಯೂಕ್ಲಿಯಸ್ ಕೂಡಿದ ಕೂಡಲೇ ಮಿಯಾಸಿಸ್. ಬ್ಯಾಕ್ಟೀರಿಯಾಗಳಲ್ಲಿ ಇದು ಇಲ್ಲವೇ ಇಲ್ಲ.

ಪರೀಕ್ಷೆಗೆ ಹೀಗೆ ಬರೆಸಿ: "ಪ್ರಾಣಿಗಳಲ್ಲಿ ಯುಗ್ಮಕ ಉಂಟಾಗುವಾಗ, ನೆಲಸಸ್ಯಗಳಲ್ಲಿ ಬೀಜಾಣು ಉಂಟಾಗುವಾಗ, ಹಲವು ಪಾಚಿ ಮತ್ತು ಶಿಲೀಂಧ್ರಗಳಲ್ಲಿ ಯುಗ್ಮಜದಲ್ಲಿ."

ಫೋಂಡಾ_ಜರಿಗಿಡ

ಮೇಡಂ ಹೇಳಿದ ಎರಡನೆಯ ಬಗೆಯನ್ನು ಕಣ್ಣಾರೆ ತೋರಿಸಲು ಈ ಮಳೆಗಾಲವೇ ಸರಿಯಾದ ಹೊತ್ತು. ಗೋವಾದಲ್ಲಿ ಕೆಂಪುಕಲ್ಲಿನ ಕಾಂಪೌಂಡ್ ಗೋಡೆ ಇದ್ದಲ್ಲಿ ಜರಿಗಿಡ ಇದ್ದೇ ಇರುತ್ತದೆ, ಮುಂಬೈ ಹಳೆ ಕಟ್ಟಡಗಳ ಪೈಪಿನ ಪಕ್ಕದಲ್ಲೂ ಸಿಗುತ್ತದೆ. ಎಲೆಯ ಅಡಿಯ ಚುಕ್ಕೆಗಳನ್ನು ಹ್ಯಾಂಡ್ ಲೆನ್ಸಿನಲ್ಲಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಬೀಜಾಣು ಆಗಿಹೋಗಿದೆ. ತಿಳಿಹಸಿರು, ಬಿಳುಪು ಇರುವ ಎಳೆಯ ಚುಕ್ಕೆಗಳಲ್ಲಿ ಮಿಯಾಸಿಸ್ ಹುಡುಕಬೇಕು.

ಆದರೆ ಜರಿಗಿಡದಲ್ಲಿ ವರ್ಣತಂತು ಎಣಿಸಲು ಹೋಗಬೇಡಿ. ಸಂಖ್ಯೆ ವಿಪರೀತ. ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಪುಟ್ಟ ಜರಿಗಿಡದಲ್ಲಿ 1260 ವರ್ಣತಂತುಗಳಿವೆ. ಅದರ ಬದಲು ಬೀಜಾಣು ಎಣಿಸಿ. ಬಲಿತ, ಇನ್ನೂ ಒಡೆಯದ ಒಂದೇ ಬೀಜಾಣುಧಾನಿಯನ್ನು (ಚುಕ್ಕೆಯೊಳಗಿನ, ಬೀಜಾಣು ತುಂಬಿದ ಚೀಲ) ಸೂಜಿಯಿಂದ ಬಿಡಿಸಿ ಗ್ಲಿಸರಿನ್ ಹನಿಯಲ್ಲಿ ಒಡೆಯಿರಿ. ನೀರಾದರೆ ಬೇಗ ಆರಿ, ಧಾನಿ ಚಿಮ್ಮಿ, ಬೀಜಾಣು ಚೆದುರಿಹೋಗುತ್ತವೆ. ಸಾಮಾನ್ಯ ಜರಿಗಿಡಗಳಲ್ಲಿ 64 ಸಿಗಬೇಕು: 16 ತಾಯಿಕೋಶ, ಒಂದೊಂದರಿಂದ ನಾಲ್ಕು. ಕೆಲವು ಗಿಡಗಳಲ್ಲಿ 32 ಮಾತ್ರ ಸಿಗುತ್ತವೆ. ಎಣಿಕೆ ತಪ್ಪಿತೆಂದು ಬಿಡಬೇಡಿ. ಅಂಥವು ಫಲೀಕರಣವಿಲ್ಲದೆ ಬೆಳೆಯುವ ಜರಿಗಿಡಗಳಾಗಿರಬಹುದು. ಅವುಗಳಲ್ಲಿ ತಾಯಿಕೋಶ 8 ಮಾತ್ರ, ಮಿಯಾಸಿಸ್‌ಗೆ ಮೊದಲೇ ವರ್ಣತಂತು ಇಮ್ಮಡಿಯಾಗಿರುತ್ತದೆ. ಹಾಗಾಗಿ ಬೀಜಾಣುವಿನಲ್ಲೂ ತಾಯಿಗಿಡದಷ್ಟೇ ವರ್ಣತಂತು.

ಮೂರನೆಯ ಬಗೆಗೆ ಮಕ್ಕಳು ಮರೆಯದ ಉದಾಹರಣೆ ಮಲೇರಿಯಾ ಪರಾವಲಂಬಿ. ನಮ್ಮ ಯಕೃತ್ತಿನಲ್ಲೂ ರಕ್ತದಲ್ಲೂ ಇರುವ ಪ್ಲಾಸ್ಮೋಡಿಯಮ್ ಎಲ್ಲವೂ ಏಕಗುಣಿತ. ಅನಾಫಿಲಿಸ್ ಸೊಳ್ಳೆ ರಕ್ತ ಹೀರಿದ ಮೇಲೆ ಅದರ ಹೊಟ್ಟೆಯಲ್ಲಿ ಗಂಡು ಹೆಣ್ಣು ಯುಗ್ಮಕ ಕೂಡಿ ಯುಗ್ಮಜವಾಗುತ್ತದೆ, ಮೊದಲ ಒಂದು ದಿನದೊಳಗೆ ಮಿಯಾಸಿಸ್ ಆಗುತ್ತದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಕಂಡ ಗಂಟುಗಳು ಈ ಮಿಯಾಸಿಸ್ ಮುಗಿದ ನಂತರದ ಹಂತ. ಮುಂಬೈಯ ಟ್ಯಾಂಕಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿಯ ಹೊಟ್ಟೆಯಲ್ಲಿ ನಡೆಯುವುದೂ ಇದೇ.

ಘಾಟ್ಕೋಪರ್_12ಸೈನ್ಸ್

ಮೇಡಂ, ಗಂಡು ಜೇನುಹುಳ ಏಕಗುಣಿತ ಎಂದು ಓದಿದ್ದೇನೆ. ಅರ್ಧ ಮಾಡಲು ಜೋಡಿಯೇ ಇಲ್ಲವಲ್ಲ, ಅದರಲ್ಲಿ ಮಿಯಾಸಿಸ್ ಹೇಗೆ?

ಮಾಟುಂಗಾ_ಉಪನ್ಯಾಸಕಿ

ಒಳ್ಳೆಯ ಪ್ರಶ್ನೆಯಪ್ಪ. ರಾಣಿಗೂ ಕೆಲಸಗಾರ್ತಿಯರಿಗೂ 32, ಗಂಡಿಗೆ 16. ಗಂಡಿನ ವೃಷಣದಲ್ಲಿ ಮೊದಲ ವಿಭಜನೆ ಶುರುವಾಗುತ್ತದೆ, ಆದರೆ ನ್ಯೂಕ್ಲಿಯಸ್ ಒಡೆಯುವುದಿಲ್ಲ. ನ್ಯೂಕ್ಲಿಯಸ್ ಇಲ್ಲದ ಸಣ್ಣ ಮೊಗ್ಗಿನಂಥ ತುಣುಕು ಮಾತ್ರ ಬೇರ್ಪಡುತ್ತದೆ. ಎರಡನೆಯ ವಿಭಜನೆಯಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಕೋಶವಾಗಿ ದೊಡ್ಡದೊಂದೇ ವೀರ್ಯಾಣುವಾಗುತ್ತದೆ. ನಾಲ್ಕರ ಬದಲು ಒಂದು. ವೀರ್ಯಾಣುವಿನಲ್ಲೂ 16 ಇರುತ್ತದೆ, ಕಡಿಮೆಯಾಗುವುದಿಲ್ಲ.

ಜೋಡಿ ಕೂಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೀನು ದಿನಾ ತಿನ್ನುವ ಬೀಜವಿಲ್ಲದ ಬಾಳೆಹಣ್ಣನ್ನೂ ಗಮನಿಸು. 11ರ ಮೂರು ಸೆಟ್, ಒಟ್ಟು 33. ಎರಡೆರಡು ಜೋಡಿಯಾದರೆ ಮೂರನೆಯದು ಒಂಟಿ. ಧ್ರುವಗಳಿಗೆ ಹಂಚಿಕೆ ಅಡ್ಡಾದಿಡ್ಡಿಯಾಗಿ ಬೀಜಾಣುಗಳು ನಿಷ್ಫಲವಾಗುತ್ತವೆ. ಪರಾಗಸ್ಪರ್ಶವಿಲ್ಲದೆಯೂ ಕಾಯಿ ತುಂಬುವ ಗುಣ ಬಾಳೆಗೆ ಇರುವುದರಿಂದ ಹಣ್ಣು ಸಿಗುತ್ತದೆ.

ಡೊಂಬಿವಲಿ_ಬಯಾಲಜಿ

ಎಲ್ಲರಿಗೂ ತುಂಬಾ ಧನ್ಯವಾದ. ಮೇಡಂ ಕೊಟ್ಟ ಪ್ರಶ್ನೆಯನ್ನು ಬೋರ್ಡಿನ ಮೇಲೇ ಬರೆಸುತ್ತೇನೆ. ಇನ್ನೆರಡು ಉಳಿದಿವೆ. ಮನುಷ್ಯರಲ್ಲಿ "ಯಾವಾಗ" ಎಂಬುದಕ್ಕೆ ಹೆಣ್ಣು, ಗಂಡಿಗೆ ಬೇರೆ ಬೇರೆ ಉತ್ತರ ಅಲ್ಲವೇ? ಅದನ್ನು ತಿಂಗಳು, ವರ್ಷ ಹಿಡಿದು ಯಾರಾದರೂ ತಿಳಿಸಿ. ಮತ್ತು ಈಗ ಆಗಸ್ಟ್, ಈರುಳ್ಳಿ ಹೂವು ಎಲ್ಲೂ ಇಲ್ಲ. ಈ ವಾರವೇ ಸ್ಲೈಡ್ ತೋರಿಸಲು ಏನು ಬಳಸಲಿ?

ಠಾಣೆ_ಎಂಬ್ರಿಯೋ

ಮನುಷ್ಯರದ್ದು ನಾನು ಬರೆಯುತ್ತೇನೆ, ಐವಿಎಫ್ ಲ್ಯಾಬಿನಲ್ಲಿ ಈ ಹಂತಗಳನ್ನೇ ನೋಡಿ ವಿಂಗಡಿಸಬೇಕಾಗುತ್ತದೆ.

ಹೆಣ್ಣಿನಲ್ಲಿ ಮಿಯಾಸಿಸ್ ಶುರುವಾಗುವುದು ಆಕೆ ಇನ್ನೂ ತಾಯಿಯ ಗರ್ಭದಲ್ಲಿರುವಾಗ, ಸುಮಾರು 11ರಿಂದ 12ನೇ ವಾರದಲ್ಲಿ. 20ನೇ ವಾರದ ಹೊತ್ತಿಗೆ ಎರಡೂ ಅಂಡಾಶಯಗಳಲ್ಲಿ ಸೇರಿ 60ರಿಂದ 70 ಲಕ್ಷ ಕೋಶಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಋತುಮತಿಯಾಗುವಾಗ 3ರಿಂದ 4 ಲಕ್ಷ ಉಳಿಯುತ್ತವೆ. ಇಡೀ ಬದುಕಿನಲ್ಲಿ ಬಿಡುಗಡೆಯಾಗುವುದು ಸುಮಾರು 400. ಇವೆಲ್ಲ ಪ್ರೋಫೇಸ್ ಒಂದರ ಡಿಪ್ಲೋಟೀನ್ ಹಂತದಲ್ಲಿ ನಿಂತಿರುತ್ತವೆ. ಜೋಡಿ ವರ್ಣತಂತುಗಳು ಅಡ್ಡಹಾಯುವಿಕೆ (ತುಂಡುಗಳ ಅದಲುಬದಲು) ಮುಗಿಸಿ, ಒಂದನ್ನೊಂದು ಹಿಡಿದುಕೊಂಡೇ, 12 ವರ್ಷವೂ ಆಗಬಹುದು, 45 ವರ್ಷವೂ ಆಗಬಹುದು, ಹಾಗೇ ಕಾಯುತ್ತವೆ.

ತಿಂಗಳಿಗೊಮ್ಮೆ ಎಲ್‌ಎಚ್ ಹಾರ್ಮೋನು ಏರಿದಾಗ ಅಂಡೋತ್ಸರ್ಗಕ್ಕೆ ಸಿದ್ಧವಾದ ಕೋಶ ಮತ್ತೆ ಹೊರಡುತ್ತದೆ. ಸುಮಾರು 36 ಗಂಟೆಯೊಳಗೆ ಮೊದಲ ವಿಭಜನೆ ಮುಗಿದು, ಧ್ರುವಕಾಯ ಎಂಬ ಒಂದು ಚಿಕ್ಕ ಕೋಶ ಹೊರಬಿದ್ದು, ಅಂಡಾಣು ಮೆಟಾಫೇಸ್ ಎರಡರಲ್ಲಿ ಮತ್ತೆ ನಿಲ್ಲುತ್ತದೆ. ವೀರ್ಯಾಣು ಒಳಹೊಕ್ಕರಷ್ಟೇ ಎರಡನೆಯ ವಿಭಜನೆ ಪೂರ್ತಿ. ಅಂದರೆ ಫಲೀಕರಣಗೊಳ್ಳದ ಅಂಡಾಣುವಿನಲ್ಲಿ ಮಿಯಾಸಿಸ್ ಎಂದೂ ಮುಗಿಯುವುದಿಲ್ಲ. "ಅಂಡಾಶಯದಲ್ಲಿ ಮಿಯಾಸಿಸ್ ನಡೆದು ಅಂಡಾಣು ಹೊರಬರುತ್ತದೆ" ಎಂಬ ಉತ್ತರ ಹಾಗಾಗಿ ಅರ್ಧ ಸರಿ: ಆರಂಭ ಅಂಡಾಶಯದಲ್ಲಿ, ಮುಕ್ತಾಯ ಅಂಡನಾಳದಲ್ಲಿ.

ಲ್ಯಾಬಿನಲ್ಲಿ ಇದು ನೇರವಾಗಿ ಕಾಣುತ್ತದೆ. ಅಂಡಾಣು ಪಕ್ವವಾಗಲು ಕೊಡುವ ಟ್ರಿಗರ್ ಇಂಜೆಕ್ಷನ್ ಆದ 34ರಿಂದ 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಇಕ್ಸಿ (ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವುದು) ಮಾಡುವುದಿದ್ದರೆ ಸುತ್ತಲಿನ ಕೋಶಗಳನ್ನು ಹಯಲುರೊನಿಡೇಸ್ ಕಿಣ್ವದಿಂದ ಬಿಡಿಸುತ್ತಾರೆ. ಅಂಡಾಣುವಿನೊಳಗೆ ದುಂಡು ನ್ಯೂಕ್ಲಿಯಸ್ ಕಂಡರೆ ಇನ್ನೂ ಪ್ರೋಫೇಸ್ ಒಂದು. ನ್ಯೂಕ್ಲಿಯಸ್ಸೂ ಇಲ್ಲ, ಧ್ರುವಕಾಯವೂ ಇಲ್ಲ ಎಂದರೆ ಮೆಟಾಫೇಸ್ ಒಂದು. ಒಂದು ಧ್ರುವಕಾಯ ಕಂಡರೆ ಮೆಟಾಫೇಸ್ ಎರಡು. ವೀರ್ಯಾಣು ಚುಚ್ಚುವುದು ಈ ಮೂರನೆಯದಕ್ಕೆ. 16ರಿಂದ 18 ಗಂಟೆ ಬಿಟ್ಟು ನೋಡಿದಾಗ ಎರಡು ಪ್ರೋನ್ಯೂಕ್ಲಿಯಸ್ (ಅಂಡಾಣುವಿನದೊಂದು, ವೀರ್ಯಾಣುವಿನದೊಂದು), ಎರಡು ಧ್ರುವಕಾಯ ಇದ್ದರೆ ಫಲೀಕರಣ ಸರಿಯಾಗಿದೆ.

ಇಷ್ಟು ವರ್ಷದ ಕಾಯುವಿಕೆಗೆ ಬೆಲೆ ಇದೆ. ವರ್ಣತಂತುವಿನ ಎಳೆಗಳನ್ನು ಕೂಡಿಸಿ ಹಿಡಿಯುವ ಕೊಹಿಸಿನ್ ಪ್ರೋಟೀನು ವಯಸ್ಸಾದಂತೆ ಸಡಿಲುತ್ತದೆ, ಜೋಡಿಗಳು ಸಮವಾಗಿ ಬೇರಾಗುವುದಿಲ್ಲ. 21ನೇ ವರ್ಣತಂತು ಮೂರಾಗುವ ಡೌನ್ ಸಿಂಡ್ರೋಮ್‌ನಲ್ಲಿ ಹೆಚ್ಚುವರಿ ಪ್ರತಿ ಬಹುತೇಕ ತಾಯಿಯ ಕಡೆಯಿಂದ, ಹೆಚ್ಚಾಗಿ ಮೊದಲ ವಿಭಜನೆಯಲ್ಲಿ ಬಂದಿರುತ್ತದೆ. ಇದನ್ನು ತರಗತಿಯಲ್ಲಿ ಹೇಳುವಾಗ ಎಚ್ಚರ ಇರಲಿ. ಇದು ಯಾರ ತಪ್ಪೂ ಅಲ್ಲ, ಚಿಕ್ಕ ವಯಸ್ಸಿನ ತಾಯಂದಿರಲ್ಲೂ ಆಗುತ್ತದೆ. ಮಕ್ಕಳ ಮನೆಯಲ್ಲಿ ಅಂಥ ತಮ್ಮನೋ ತಂಗಿಯೋ ಇರಬಹುದು.

ಗಂಡಿನಲ್ಲಿ ಗರ್ಭದಲ್ಲಿ ಮಿಯಾಸಿಸ್ ಶುರುವಾಗುವುದೇ ಇಲ್ಲ. ಅದಕ್ಕೆ ಚಾಲನೆ ಕೊಡುವ ರೆಟಿನೋಯಿಕ್ ಆಮ್ಲವನ್ನು ವೃಷಣದ ಕಿಣ್ವವೊಂದು ಒಡೆದುಹಾಕುತ್ತದೆ. ಪ್ರಾಯ ಬಂದ ಮೇಲೆ ವೃಷಣದ ಸೆಮಿನಿಫೆರಸ್ ನಾಳಗಳಲ್ಲಿ ಆರಂಭವಾಗಿ ಮುಪ್ಪಿನವರೆಗೂ ನಡೆಯುತ್ತದೆ. ಮೂಲಕೋಶದಿಂದ ವೀರ್ಯಾಣುವಿಗೆ ಒಟ್ಟು 64ರಿಂದ 74 ದಿನ, ಅದರಲ್ಲಿ ಪ್ರೋಫೇಸ್ ಒಂದಕ್ಕೇ ಮೂರು ವಾರದಷ್ಟು. ಎರಡನೆಯ ವಿಭಜನೆ ಕೆಲವೇ ಗಂಟೆಗಳಲ್ಲಿ ಮುಗಿಯುವುದರಿಂದ ವೃಷಣದ ಸ್ಲೈಡಿನಲ್ಲಿ ಸೆಕೆಂಡರಿ ಸ್ಪರ್ಮಟೋಸೈಟ್ (ಮೊದಲ ವಿಭಜನೆ ಮುಗಿಸಿದ ಕೋಶ) ತೋರಿಸಿ ಎಂದರೆ ಸಿಗುವುದೇ ಅಪರೂಪ.

ಎಲ್ಲ ಪ್ರಾಣಿಗಳೂ ಮನುಷ್ಯರಂತೆ ಎಂದುಕೊಳ್ಳಬಾರದು. ನಾಯಿಯ ಅಂಡಾಣು ಪ್ರೋಫೇಸ್ ಒಂದರಲ್ಲೇ ಅಂಡಾಶಯ ಬಿಟ್ಟು ಅಂಡನಾಳದಲ್ಲಿ ಎರಡು ಮೂರು ದಿನ ತೆಗೆದುಕೊಂಡು ಪಕ್ವವಾಗುತ್ತದೆ. ಮೈತುಂಬ ಮುಳ್ಳಿನ ಕಡಲ ಅರ್ಚಿನ್‌ಗಳಲ್ಲಿ ವೀರ್ಯಾಣು ಬರುವ ಮೊದಲೇ ಎರಡೂ ವಿಭಜನೆ ಮುಗಿದಿರುತ್ತದೆ.

ಕೋಥ್ರೂಡ್_ಕೋಶ

ಆಗಸ್ಟ್‌ಗೆ ಸಜ್ಜಿ ಹಿಡೀರಿ ಸರ್. ಮಳಿಗೆ ಬಿತ್ತಿದ ಸಜ್ಜಿ ಈಗ ಪುಣೆ, ಅಹಿಲ್ಯಾನಗರ (ಹಿಂದಿನ ಅಹಮದನಗರ), ಸೋಲಾಪುರ ಕಡೆ ಹೊಡಿಯಾಗ ಬಂದಿರ್ತದ. ತೆನಿ ಎಲಿಯ ಸುಳಿಯೊಳಗ ಇದ್ದಾಗ ತಗೋಬೇಕು, ಹೊರಗ ಬಂದು ಹೂವಾಡಿದ್ರ ಮುಗೀತು. ಹೊಡಿ ಉದ್ದಕ ಸೀಳಿ ತೆನಿ ತಗದು, ಅದನ್ನ ಮೂರು ನಾಕು ತುಂಡು ಮಾಡಿ, ಮೊದಲ ಹೇಳಿದ ದ್ರಾವಣದಾಗನ ಹಾಕ್ರಿ. ತುದಿ ಕಡೆ ಮುಂದಿನ ಹಂತ, ಬುಡದ ಕಡೆ ಹಿಂದಿನ ಹಂತ ಸಿಗ್ತದ, ಅದಕ್ಕ ತುಂಡಿಗೆ ಗುರುತು ಹಾಕಿಡ್ರಿ. ಒಂದ ಹೂವಿನಾಗ ಮೂರು ಪರಾಗಕೋಶ. ಸಜ್ಜಿಗೆ 14 ವರ್ಣತಂತು, ಅಂದ್ರ 7 ಜೋಡಿ. ಎಣಸಾಕ ಉಳ್ಳಾಗಡ್ಡಿಗಿಂತ ಹಗುರ.

ಹೊಲಕ್ಕ ಹೋಗೂದು ಆಗೂದಿಲ್ಲ ಅಂದ್ರ ಸೊಸೈಟಿ ಗಾರ್ಡನ್ನಿನಾಗ ರೋಯಿಯೋ ಇರ್ತದ, ಎಲಿ ಮ್ಯಾಲ ಹಸಿರು, ಕೆಳಗ ನೇರಳೆ. ದೋಣಿಯಂಥ ಪುಷ್ಪಪತ್ರದೊಳಗ ವರ್ಷಪೂರ್ತಿ ಮೊಗ್ಗು ಸಿಗ್ತಾವ. ಆದ್ರ ಅದರಾಗ 6 ಜೋಡಿ ಬಿಡಿಬಿಡಿ ಕಾಣೂದಿಲ್ಲ. ವರ್ಣತಂತುಗಳ ತುಂಡು ಅದಲಿಬದಲಿ ಆಗಿರೂದಕ್ಕ ಹನ್ನೆರಡೂ ತುದಿಗೆ ತುದಿ ಕೂಡಿ ಉಂಗುರ ಇಲ್ಲಾ ಸರಪಳಿ ಆಗ್ತಾವ. ಮೊದಲ ಸಲ ಮಿಯಾಸಿಸ್ ನೋಡೂ ಹುಡುಗರಿಗೆ ಇದರಿಂದ ಗೊಂದಲ ಆಗ್ತದ. ಮೊದಲ ಸಜ್ಜಿ ತೋರಿಸಿ, 7 ಎಣಿಸಿ ಚಿತ್ರ ಬರೆಸಿ, ಆಮ್ಯಾಲ ರೋಯಿಯೋ ಇಡ್ರಿ.

ಮಿಡತಿಯ ವೃಷಣದಾಗ ಹಂತ ಇನ್ನೂ ಚಂದ ಕಾಣ್ತಾವ ಖರೆ. ಎಕ್ಕದ ಗಿಡದ ಬಣ್ಣದ ಮಿಡತಿ ಗಂಡಿಗೆ 19, ಅದರಾಗ ಒಂದ ಎಕ್ಸ್ ಜೋಡಿ ಇಲ್ಲದ ಒಂಟಿ ಇರ್ತದ. ಆದ್ರ ಶಾಲಿ, ಕಾಲೇಜಿನಾಗ ಪ್ರಾಣಿ ಕೊಯ್ಯೂದು ಬ್ಯಾಡ, ಅದಕ್ಕ ಕಾಯಂ ಸ್ಲೈಡ್ ಕೊಂಡ್ರ ಸಾಕು. ಕೊಳ್ಳೂ ಮುಂದ 40ರ ಆಬ್ಜೆಕ್ಟಿವ್ ಇಟ್ಟು ಒಂದೊಂದೂ ನೋಡಿ ತಗೊಳ್ರಿ. ಚೀಟಿ ಮ್ಯಾಲ ಮಿಯಾಸಿಸ್ ಅಂತ ಬರದಿದ್ರೂ ಒಳಗ ಬಲಿತ ವೀರ್ಯಾಣು ಕಟ್ಟುಗಳು ಮಾತ್ರ ಇರೂ ಸ್ಲೈಡ್ ಬರ್ತಾವ.